ಕಂಡಿಕೆ ಸುತ್ತಿದೋರು, ವಿಡಿಯೊ ಜೋಡಿಸೋರು

ಮೊನ್ನೆ ಎದುರು ಮನೆ ದೊಡ್ಡಮ್ಮ ಸೀರೆಗೆ ಫಾಲ್ ಹಾಕ್ಸಕ್ಕೆ ಬಂದೋರು ಕೇಳಿದ್ರು: "ಅಲ್ಲ ಕಣಮ್ಮಿ, ಹಗಲೆಲ್ಲ ಸೀರೆ ಮಾರ್ತೀಯ. ರಾತ್ರಿ ಹನ್ನೆರಡಾದ್ರೂ ನಿನ್ ರೂಮಲ್ಲಿ ಲೈಟು ಉರೀತಿರ್ತೈತೆ. ಕಂಡೋರ ಮದುವೆ ನೋಡ್ಕಂಡು ಕುಂತಿರ್ತೀಯಂತೆ. ಅದೂ ಒಂದು ಕೆಲಸಾನಾ?"

ನಗು ಬಂತು. ಕಂಡೋರ ಮದುವೆ ನೋಡೋದೇ ನನ್ನ ಕೆಲಸ. ಸ್ಟುಡಿಯೊದೋರು ಶೂಟ್ ಮಾಡಿದ್ದನ್ನೆಲ್ಲ ಹಾರ್ಡ್ ಡಿಸ್ಕಿನಲ್ಲಿ ತಂದು ಕೊಡ್ತಾರೆ. ಅದರಲ್ಲಿ ಬೇಕಾದ್ದು ಆರಿಸಿ, ಬೇಡದ್ದು ತೆಗೆದು, ಎರಡು ಗಂಟೆ ವಿಡಿಯೊ ಮತ್ತೆ ಮೂರು ನಿಮಿಷದ ಹಾಡು ಮಾಡಿಕೊಡ್ತೀನಿ. ಒಂದು ಮದುವೆಗೆ ಇಷ್ಟು ಅಂತ ದುಡ್ಡು. ಸಂಬಳ ಇಲ್ಲ, ರಜೆ ಇಲ್ಲ, ಪಿಎಫ್ ಇಲ್ಲ. ಇದಕ್ಕೆ ಫ್ರೀಲಾನ್ಸ್ ಅಂತಾರೆ.

ದೊಡ್ಡಮ್ಮಗೆ ಅವತ್ತು ಸರಿಯಾಗಿ ಹೇಳಕ್ಕಾಗ್ಲಿಲ್ಲ. ಆಮೇಲೆ ಯೋಚನೆ ಮಾಡ್ದಾಗ, ಹೆಸರು ಹೊಸದೇ ಹೊರತು ಕೆಲಸದ ರೀತಿ ನಮ್ಮ ಕಡೆಗೆ ಹೊಸದಲ್ಲ ಅನ್ನಿಸ್ತು.

ನನ್ನ ತವರು ಮೊಳಕಾಲ್ಮೂರು. ಸೇರಿದ ಮನೆ ಚಳ್ಳಕೆರೆ. ತವರಲ್ಲಿ ನಮ್ಮಜ್ಜ ಕೂಲಿ ಮಗ್ಗದೋರು. ಸಾಹುಕಾರರು ರೇಷ್ಮೆ, ಜರಿ ಕೊಡೋರು. ಅಜ್ಜ ಮನೇಲೇ ಗುಂಡಿಮಗ್ಗದಲ್ಲಿ ಕುಂತು ನೇಯ್ದು ವಾಪಸ್ ಕೊಟ್ಟರೆ, ಸೀರೆಗಿಷ್ಟು ಅಂತ ಕೂಲಿ. ನೇಯ್ದಷ್ಟೇ ದುಡ್ಡು, ಜ್ವರ ಬಂದು ಮಲಗಿದ್ರೆ ಇಲ್ಲ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರೋ ಸೀರೆಗೆ ಮೂರು ಲಾಳಿ ಬೇಕು. ಒಬ್ಬರ ಕೈಗೆ ಆಗೋದಲ್ಲ, ಪಕ್ಕದಲ್ಲಿ ಇನ್ನೊಬ್ಬರು ಕುಂತಿರಬೇಕು. ಆ ಇನ್ನೊಬ್ಬರು ನಮ್ಮಜ್ಜಿ. ಬೆಳಗಾಗೆದ್ದು ಕಂಡಿಕೆ ಸುತ್ತೋದು, ಹರಿದ ಎಳೆ ಹುಡುಕಿ ಗಂಟು ಹಾಕೋದು, ನಡುನಡುವೆ ಒಲೆ ಮೇಲಿನ ಮುದ್ದೆ ತಿರುವೋದು. ಲೆಕ್ಕದ ಪುಸ್ತಕದಾಗೆ ಮಾತ್ರ ಅಜ್ಜನ ಹೆಸರೊಂದೇ.

ಚಳ್ಳಕೆರೆ ಕಂಬಳಿ ಕಥೇನೂ ಅಷ್ಟೆ. ಕುರಿ ಉಣ್ಣೆ ಹಿಂಜಿ, ನೂಲು ತೆಗೆಯೋದು ಹೆಣ್ಣುಮಕ್ಕಳು. ಹುಣಸೆಬೀಜದ ಗಂಜಿ ಕಾಸೋದೂ ಮನೆ ಒಲೆ ಮೇಲೇ. ಸಂತೇಲಿ ಕಂಬಳಿ ಮಾರಿ ದುಡ್ಡು ಎಣಿಸಿಕೊಳ್ಳೋ ಹೊತ್ತಿಗೆ ಆ ಕೈಗಳು ಕಾಣೋದಿಲ್ಲ. 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತು, ಅಂದ್ರೆ ಜಿಐ ಟ್ಯಾಗ್ ಬಂತು. ಊರಿಗೆ ಹೆಸರು ಬಂತು, ಸಂತೋಷ. ಕಂಡಿಕೆ ಸುತ್ತಿದೋರ ಹೆಸರು ಈಗಲೂ ಎಲ್ಲೂ ಇಲ್ಲ.

ಇನ್ನು ನನ್ನ ಇನ್ನೊಂದು ಕಸುಬಿನ ಕಥೆ. ಸಿನಿಮಾ ಹೊಸದಾಗಿ ಬಂದಾಗ ಅಮೆರಿಕದಲ್ಲಿ ರೀಲು ಕತ್ತರಿಸಿ ಅಂಟಿಸೋ ಕೆಲಸಕ್ಕೆ ಹೆಣ್ಣುಮಕ್ಕಳನ್ನೇ ಬಹಳ ಇಟ್ಟುಕೊಳ್ಳುತ್ತಿದ್ದರು. ಅದೂ ಹೊಲಿಗೆ ಥರ ಸಣ್ಣ ಕೆಲಸ, ತಾಳ್ಮೆ ಬೇಕು ಅನ್ನೋ ಲೆಕ್ಕ. ಸಂಬಳ ಕಮ್ಮಿ, ಪರದೆ ಮೇಲೆ ಹೆಸರೂ ಇಲ್ಲ. ಮಾರ್ಗರೆಟ್ ಬೂತ್ ಅನ್ನೋ ಹೆಣ್ಣುಮಗಳು 1915ರಲ್ಲಿ ಹೀಗೆ ರೀಲು ಜೋಡಿಸೋ ಕೆಲಸಕ್ಕೆ ಸೇರಿ, ಮುಂದೆ ಎಂಜಿಎಂ ಸ್ಟುಡಿಯೊದ ದೊಡ್ಡ ಎಡಿಟರ್ ಆದಳು. ಗೌರವ ಆಸ್ಕರ್ ಕೊಟ್ಟಿದ್ದು 1978ರಲ್ಲಿ, ಆಕೆಗೆ ಎಂಬತ್ತರ ಹತ್ತಿರ ವಯಸ್ಸು. ಮಾತಿನ ಸಿನಿಮಾ ಬಂದು, ಕೆಲಸಕ್ಕೆ ದುಡ್ಡು ಮರ್ಯಾದೆ ಹೆಚ್ಚಾದ ಮೇಲೆ ಅಲ್ಲಿ ಗಂಡಸರೇ ತುಂಬಿಕೊಂಡರು. ನಮ್ಮ ದೇಶದಲ್ಲಿ ರೇಣು ಸಲೂಜಾ ಇದ್ದರು. 'ಪರಿಂದಾ', 'ಧಾರಾವಿ', 'ಸರ್ದಾರ್', 'ಗಾಡ್‌ಮದರ್' – ನಾಲ್ಕು ಸಿನಿಮಾಕ್ಕೆ ಎಡಿಟಿಂಗಿನ ರಾಷ್ಟ್ರ ಪ್ರಶಸ್ತಿ ತಗೊಂಡೋರು. 2000ದಲ್ಲಿ ತೀರಿಕೊಂಡರು. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಮದುವೆ ವಿಡಿಯೊ ಬಂದಿದ್ದು ಇದೆಲ್ಲ ಆದ ಮೇಲೆ. ವಿಎಚ್‌ಎಸ್ ಕ್ಯಾಸೆಟ್ಟು ಜಪಾನಿನಲ್ಲಿ ಹುಟ್ಟಿದ್ದು 1976ರಲ್ಲಿ. ನಮ್ಮ ದೇಶದಲ್ಲಿ ಕಲರ್ ಟೀವಿ ಶುರುವಾಗಿದ್ದು 1982ರಲ್ಲಿ. ಆಮೇಲೆ ಮೆಲ್ಲಗೆ ಮದುವೆ ಮನೆಗೂ ಕ್ಯಾಮೆರಾ ಬಂತು. ನಮ್ಮ ಚಿಕ್ಕಮ್ಮನ ಮದುವೆ ಕ್ಯಾಸೆಟ್ ನೆನಪೈತಾ? ಧಾರೆ ಹೊತ್ತಿಗೆ ಆ ಲೈಟಿನ ಶಾಖಕ್ಕೆ ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂದಿದ್ದು, ತವರು ಬಿಡೋ ದುಃಖ ಅಂತ ಎಲ್ಲರೂ ಅತ್ತಿದ್ದು! ಆವಾಗ ಎಡಿಟಿಂಗಿಗೆ ಮಿಕ್ಸಿಂಗ್ ಅನ್ನೋರು. ಎರಡು ವಿಸಿಆರ್ ಜೋಡಿಸಿ, ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಇಳಿಸಿಕೊಳ್ಳೋದು. ನಡುವೆ ಒಂದು ತಪ್ಪಾದ್ರೆ ಅಲ್ಲಿಂದ ಮುಂದಿದ್ದೆಲ್ಲ ಮತ್ತೆ ಮಾಡಬೇಕು. ಕಾಪಿಯಿಂದ ಕಾಪಿ ಮಾಡಿದಷ್ಟೂ ಚಿತ್ರ ಮಸುಕು. ಆ ಯಂತ್ರಗಳು ದುಬಾರಿ, ಪೇಟೆ ಅಂಗಡೀಲೇ ಇರೋವು. ನಮ್ಮಂಥೋರು ರಾತ್ರಿ ಅಲ್ಲಿ ಹೋಗಿ ಕುಂತು ಕಲಿಯೋ ಮಾತೇ ಇರಲಿಲ್ಲ.

ಕಂಪ್ಯೂಟರ್ ಬಂದು ಆ ಬಾಗಿಲು ತೆಗೀತು. ಬೇಕಾದ ತುಂಡು ಬೇಕಾದ ಕಡೆ ಇಟ್ಟು, ಬೇಡಾಂದ್ರೆ ತೆಗೆದು ಮತ್ತೆ ಇಡಬಹುದು. ಟೈಮ್‌ಲೈನ್ ಮೇಲೆ ವಿಡಿಯೊ ಒಂದು ಸಾಲು, ಹಾಡು ಒಂದು ಸಾಲು, ಹೆಸರು ಒಂದು ಸಾಲು. ಮೊದಲ ಸಲ ನೋಡಿದಾಗ ನನಗೆ ಅಜ್ಜನ ಹಾಸೇ ಕಂಡಿತು. ಸೊಸೆ ಮನೇಲೇ ಕುಂತು ಮಾಡಬಹುದಾದ ಕೆಲಸ ಅಂತ ಅತ್ತೇನೂ ಒಪ್ಪಿದ್ರು.

ಎರಡು ಕಸುಬು ಯಾಕೆ ಅಂದ್ರೆ, ಆಷಾಢದಲ್ಲಿ ಮದುವೆ ಇಲ್ಲ, ಎಡಿಟಿಂಗೂ ಇಲ್ಲ. ಶ್ರಾವಣ ಬಂತೂಂದ್ರೆ ವರಮಹಾಲಕ್ಷ್ಮಿಗೆ ಸೀರೆ ಹೋಗ್ತಾವೆ. ಪಿತೃಪಕ್ಷದಲ್ಲಿ ಎರಡೂ ತಣ್ಣಗೆ. ವೈಶಾಖ ಬಂದ್ರೆ ಎರಡೂ ಒಟ್ಟಿಗೆ ಮೈಮೇಲೆ. ಹಗಲು ಸೀರೆ ಬಿಚ್ಚಿ ಬಿಚ್ಚಿ ತೋರಿಸಬೇಕು, ರಾತ್ರಿ ಅದೇ ಸೀರೆ ಉಟ್ಟೋರನ್ನ ಸ್ಕ್ರೀನ್ ಮೇಲೆ ನೋಡಬೇಕು. ಕರೆಂಟು ಹೋದ್ರೆ ನಿದ್ದೆಗೂ ಕತ್ತರಿ.

ಹೋದ ವರ್ಷ ಒಂದು ಸ್ಟುಡಿಯೊದೋರು ನಾಲ್ಕು ಮದುವೆ ಮಾಡಿಸಿಕೊಂಡು, ಒಂದರ ದುಡ್ಡು ಕೊಟ್ಟು, ಮೂರಕ್ಕೆ ನಾಳೆ ನಾಡಿದ್ದು ಅಂದ್ರು. ಕೇಳಕ್ಕೆ ಹೋದ್ರೆ, "ಮನೇಲಿ ಬಿಡುವಾಗಿ ಇರ್ತೀರಲ್ಲಮ್ಮ, ಅವಸರ ಏನು?" ಅಂದ್ರು. ಆ ಮಾತು ಚುಚ್ಚಿದಷ್ಟು ದುಡ್ಡು ಹೋಗಿದ್ದು ಚುಚ್ಚಲಿಲ್ಲ. ಅಂಗಡಿ ಗಲ್ಲಾದಿಂದ ತೆಗೆದು ಮಗನ ಸ್ಕೂಲ್ ಫೀಸು ಕಟ್ಟಿದೆ. ಆ ತಿಂಗಳು ಹೊಸ ಸೀರೆ ತರಕ್ಕಾಗಲಿಲ್ಲ. ಅವತ್ತಿಂದ ಎರಡು ಕಸುಬಿಗೆ ಎರಡು ನೋಟ್‌ಬುಕ್ಕು, ಎರಡು ಬ್ಯಾಂಕ್ ಖಾತೆ. ಅರ್ಧ ದುಡ್ಡು ಮೊದಲು, ಉಳಿದದ್ದು ಬಂದ ಮೇಲೇ ಕೊನೇ ಕಾಪಿ. ನೋಡಕ್ಕೆ ಕಳಿಸೋ ವಿಡಿಯೊ ಮೇಲೆ ಅಡ್ಡಲಾಗಿ 'ಸ್ಯಾಂಪಲ್' ಅಂತ ಬರೆದಿರ್ತೀನಿ.

ಹೋದ ತಿಂಗಳು ತವರಿಗೆ ಹೋದಾಗ ಮಕ್ಕಳನ್ನ ಬ್ರಹ್ಮಗಿರಿಗೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಅಶೋಕನ ಶಾಸನ ಐತಲ್ಲ, 1892ರಲ್ಲಿ ಬಿ. ಎಲ್. ರೈಸ್ ಗುರುತಿಸಿದ್ದು. ತಂದೆ ತಾಯಿ ಮಾತು ಕೇಳಿ, ಗುರುಗಳಿಗೆ ಮರ್ಯಾದೆ ಕೊಡಿ ಅಂತ ರಾಜ ಬರೆಸಿದ ಮಾತು ಅದರಲ್ಲೈತೆ. ಪೂರ್ತಿ ಬ್ರಾಹ್ಮಿ ಲಿಪಿ. ಕೊನೇಲಿ ಮಾತ್ರ ಬರೆದವನು 'ಚಪಡ' ಅಂತ ತನ್ನ ಹೆಸರು ಹಾಕಿ, ಲಿಪಿಕಾರ ಅನ್ನೋ ಪದವನ್ನ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಮಾತು ರಾಜನದ್ದು, ಕೆಲಸ ನಂದು ಅಂದ ಹಂಗೆ.

ಎರಡು ಸಾವಿರದ ಇನ್ನೂರು ವರ್ಷದ ಮೇಲಾದ್ರೂ ಅವನ ಹೆಸರು ಉಳಿದೈತೆ. ನಮ್ಮಜ್ಜಿಗೆ ಬರೆಯಕ್ಕೆ ಬರ್ತಿರಲಿಲ್ಲ, ಬರೆಯೋ ಜಾಗಾನೂ ಯಾರೂ ಕೊಡಲಿಲ್ಲ. ಊರಿಂದ ಬಂದ ಮೇಲೆ ಮುಗಿಸಿದ ಮೊದಲ ಮದುವೆ ವಿಡಿಯೊ ಕೊನೇಲಿ, ಸ್ಟುಡಿಯೊ ಹೆಸರಿನ ಕೆಳಗೆ, 'ಸಂಕಲನ' ಅಂತ ಹಾಕಿ ನನ್ನ ಹೆಸರು ಬರೆದೆ. ಸ್ಟುಡಿಯೊದೋರು ಒಂದು ಕ್ಷಣ ನೋಡಿ, "ಇರ್ಲಿ ಬಿಡಿ" ಅಂದ್ರು.

ದೊಡ್ಡಮ್ಮಂಗೆ ಅದನ್ನೇ ತೋರಿಸ್ದೆ. ಕನ್ನಡಕ ಸರಿ ಮಾಡ್ಕಂಡು ಓದಿ, "ಅಕ್ಷರ ಸ್ವಲ್ಪ ದಪ್ಪ ಹಾಕೇ, ಕಾಣಲ್ಲ" ಅಂದ್ರು.