ಜೇಕು

ಜೇಕು (ವೈಜ್ಞಾನಿಕ ಹೆಸರು: ಸೈಪರಸ್ ರೊಟಂಡಸ್) ಸೈಪರೇಸಿ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಕಳೆಸಸ್ಯ. ತುಂಗೆಹುಲ್ಲು, ಕೊನ್ನಾರಿಗೆಡ್ಡೆ, ಭದ್ರಮುಷ್ಟಿ ಎಂಬವು ಇದರ ಇತರ ಹೆಸರುಗಳು. ಬಾಗಲಕೋಟೆ ಜಿಲ್ಲೆಯ ಕಮತಗಿ, ಹುನಗುಂದ, ಬಾದಾಮಿ ಪರಿಸರವೂ ಸೇರಿದಂತೆ ಕರ್ನಾಟಕದಾದ್ಯಂತ ಹೊಲ, ತೋಟ ಮತ್ತು ಹುಲ್ಲುಹಾಸುಗಳಲ್ಲಿ ಕಂಡುಬರುತ್ತದೆ. ಬೇಸಿಗೆಯಲ್ಲಿ ನೀರುಣಿಸುವ ಹುಲ್ಲುಹಾಸಿನಲ್ಲಿ ಬಿಸಿಲು, ತೇವ ಎರಡೂ ದೊರೆಯುವುದರಿಂದ ಅಲ್ಲಿ ವೇಗವಾಗಿ ಹರಡುತ್ತದೆ.

ಗುರುತಿಸುವಿಕೆ

ನೋಟಕ್ಕೆ ಹುಲ್ಲಿನಂತಿದ್ದರೂ ಜೇಕು ಹುಲ್ಲಿನ ಕುಟುಂಬದ ಸಸ್ಯವಲ್ಲ. ಹುಲ್ಲುಹಾಸಿನ ಗರಿಕೆಯಿಂದ ಇದನ್ನು ಹೀಗೆ ಪ್ರತ್ಯೇಕಿಸಬಹುದು:

• ಹೂದಂಟು ಮೂರು ಮೂಲೆಗಳುಳ್ಳದ್ದು. ಬೆರಳುಗಳ ನಡುವೆ ಹೊರಳಿಸಿದರೆ ಏಣುಗಳು ತಿಳಿಯುತ್ತವೆ. ಗರಿಕೆಯಂತೆ ಗಿಣ್ಣುಗಳಿಲ್ಲ.
• ಎಲೆಗಳು ಬುಡದಿಂದ ಮೂರು ಸಾಲುಗಳಲ್ಲಿ ಹೊರಡುತ್ತವೆ. ಗರಿಕೆಯ ಎಲೆಗಳು ಎರಡು ಸಾಲುಗಳಲ್ಲಿರುತ್ತವೆ.
• ಹೂಗೊಂಚಲು ಕೆಂಗಂದು ಬಣ್ಣದ್ದು.
• ಮಣ್ಣಿನೊಳಗೆ ಕಪ್ಪುಗಂದು ಬಣ್ಣದ, ಸುವಾಸನೆಯ ಗೆಡ್ಡೆಗಳು ಸರಪಳಿಯಂತೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ.

ಸಂತಾನಾಭಿವೃದ್ಧಿ

ಜೇಕು ಬೀಜಕ್ಕಿಂತ ಮುಖ್ಯವಾಗಿ ಗೆಡ್ಡೆಗಳಿಂದಲೇ ಹರಡುತ್ತದೆ. ಸರಪಳಿಯ ತುದಿಯ ಗೆಡ್ಡೆ ಉಳಿದವುಗಳ ಮೊಳಕೆಯನ್ನು ತಡೆಹಿಡಿದಿರುತ್ತದೆ. ಕೀಳುವಾಗಲೋ ಅಗೆಯುವಾಗಲೋ ಸರಪಳಿ ತುಂಡಾದರೆ ಸುಪ್ತವಾಗಿದ್ದ ಗೆಡ್ಡೆಗಳೂ ಚಿಗುರಿ, ಒಂದು ಗಿಡವಿದ್ದೆಡೆ ಹಲವು ಗಿಡಗಳಾಗುತ್ತವೆ.

ನಿಯಂತ್ರಣ

ಹುಲ್ಲುಹಾಸು ಬೆಳೆಸುವ ಮೊದಲೇ ಕೈಗೊಳ್ಳುವ ಕ್ರಮ ಹೆಚ್ಚು ಫಲಕಾರಿ. ಬಹುಪಾಲು ಗೆಡ್ಡೆಗಳು ಮೇಲಿನ 15 ಸೆಂ.ಮೀ. ಮಣ್ಣಿನಲ್ಲಿರುತ್ತವೆ. ಬೇಸಿಗೆಯಲ್ಲಿ ನೆಲವನ್ನು ಅಗೆದು, ನೀರುಣಿಸದೆ ಹಲವು ದಿನ ಬಿಸಿಲಿಗೆ ಒಡ್ಡಿದರೆ ಮೇಲೆ ಬಂದ ಗೆಡ್ಡೆಗಳು ಒಣಗಿ ಸಾಯುತ್ತವೆ. ಉಳಿದವನ್ನು ಆರಿಸಿ ತೆಗೆಯಬೇಕು. ಹೊರಗಿನಿಂದ ತರುವ ಮಣ್ಣು ಮತ್ತು ನಾಟಿಹುಲ್ಲಿನಲ್ಲಿ ಗೆಡ್ಡೆಗಳಿಲ್ಲವೆಂದು ಪರೀಕ್ಷಿಸಿಕೊಳ್ಳುವುದು ಅಗತ್ಯ.

ಬೆಳೆದ ಹುಲ್ಲುಹಾಸಿನಲ್ಲಿ ಎಳೆಯ ಗಿಡಗಳನ್ನು, ಹೊಸ ಗೆಡ್ಡೆ ಕಟ್ಟುವ ಮೊದಲೇ, ಬುಡದ ಗೆಡ್ಡೆಯ ಸಮೇತ ಅಗೆದು ತೆಗೆಯಬೇಕು. ಚಿಗುರಿದಾಗಲೆಲ್ಲ ಇದನ್ನು ಪುನರಾವರ್ತಿಸಿದರೆ ಗೆಡ್ಡೆಗಳಲ್ಲಿನ ಆಹಾರಸಂಗ್ರಹ ಕ್ರಮೇಣ ಕುಗ್ಗುತ್ತದೆ. ಜೇಕು ನೆರಳನ್ನು ಸಹಿಸದ ಕಾರಣ ಗರಿಕೆ ದಟ್ಟವಾಗಿದ್ದಷ್ಟೂ ಇದರ ಬೆಳವಣಿಗೆ ಕುಂಠಿತವಾಗುತ್ತದೆ. ಕೇವಲ ಮೇಲ್ಭಾಗ ಕತ್ತರಿಸುವುದರಿಂದ ಪ್ರಯೋಜನವಿಲ್ಲ.

ಗ್ಲೈಫೋಸೇಟ್ ಕಳೆನಾಶಕವು ಗರಿಕೆಯನ್ನೂ ಕೊಲ್ಲುವುದರಿಂದ ಹುಲ್ಲುಹಾಸಿನ ಮೇಲೆ ಸಿಂಪಡಿಸಬಾರದು. ಭಾರತದಲ್ಲಿ ಕಬ್ಬಿನ ಬೆಳೆಯ ಜೇಕಿಗೆ ಬಳಸುವ ಹ್ಯಾಲೋಸಲ್ಫ್ಯೂರಾನ್ ಮೀಥೈಲ್, ಅಮೆರಿಕದಲ್ಲಿ ಹುಲ್ಲುಹಾಸುಗಳಿಗೂ ಬಳಕೆಯಲ್ಲಿದೆ. ಯಾವುದೇ ಕಳೆನಾಶಕವನ್ನು ಅದರ ಚೀಟಿಯಲ್ಲಿ ಸೂಚಿಸಿದ ಬಳಕೆ ಮತ್ತು ಪ್ರಮಾಣಕ್ಕೆ ಮಿತಿಗೊಳಿಸಬೇಕು.

ಉಪಯೋಗಗಳು

ಗೆಡ್ಡೆಯು ಆಯುರ್ವೇದದಲ್ಲಿ ‘ಮುಸ್ತಾ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇದರಿಂದ ಸುಗಂಧ ತೈಲವನ್ನೂ ತೆಗೆಯಲಾಗುತ್ತದೆ.