ಕೂರ್ಮಹಂಸಕಥೆಯ ಜಪಾನೀಯ ರೂಪ

ಎರಡು ಹಂಸಗಳು ತುದಿಗಳಲ್ಲಿ ಹಿಡಿದ ಕೋಲನ್ನು ನಡುವೆ ಕಚ್ಚಿಕೊಂಡು ಗಗನದಲ್ಲಿ ಸಾಗಿದ ಆಮೆಯ ವೃತ್ತಾಂತವು ಕನ್ನಡನಾಡಿನ ಬಾಲಕರಿಗೂ ವಿದಿತವಾದುದೇ. ಪಂಚತಂತ್ರದ ಮಿತ್ರಭೇದದಲ್ಲಿ ಕಂಬುಗ್ರೀವನೆಂಬ ಆಮೆಯ ಹೆಸರಿನಲ್ಲಿ ಬರುವ ಈ ಕಥೆಯು ಪಾಲಿಯ ಜಾತಕಗಳಲ್ಲಿ 215ನೆಯದಾದ ಕಚ್ಛಪಜಾತಕವಾಗಿಯೂ ದೊರೆಯುತ್ತದೆ. ಕೆಳಗಿನವರ ಪರಿಹಾಸ್ಯವನ್ನು ಸಹಿಸಲಾರದೆ ಉತ್ತರ ಕೊಡಹೋಗಿ ಆಮೆಯು ಬಿದ್ದು ಸಾಯುತ್ತದೆ. ಬೋಧಿಸತ್ತ್ವನು ವಾಚಾಳಿಯಾದ ಕಾಶೀರಾಜನಿಗೆ ಇದನ್ನೇ ನಿದರ್ಶನವಾಗಿ ತೋರಿಸುತ್ತಾನೆ. ಇಂದ್ರಿಯಗಳನ್ನು ಒಳಸೆಳೆದುಕೊಳ್ಳುವ ಸ್ಥಿತಪ್ರಜ್ಞನಿಗೆ ಗೀತೆಯು ಉಪಮಾನವಾಗಿ ಕೊಟ್ಟ ಪ್ರಾಣಿಯೇ ಇಲ್ಲಿ ನಾಲಗೆಯೊಂದನ್ನು ಒಳಗಿಟ್ಟುಕೊಳ್ಳಲಾರದೆ ಕೆಟ್ಟುದು ವಿಚಿತ್ರವಲ್ಲವೆ!

ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1031ರಲ್ಲಿ, ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನನುಸರಿಸಿ ಪಂಚತಂತ್ರವನ್ನು ಕನ್ನಡಿಸಿದನು. ಅದೇ ಶತಮಾನದ ಬಳ್ಳಿಗಾವೆಯ ತ್ರಿಪುರಾಂತಕ ದೇವಾಲಯದ ಶಿಲಾಪಟ್ಟಿಕೆಗಳಲ್ಲಿ ಪಂಚತಂತ್ರದ ಕಥೆಗಳು ಕಂಡರಿಸಲ್ಪಟ್ಟಿವೆ. ಓದುಬಾರದವರಿಗೂ ಮಕ್ಕಳಿಗೂ ಅವೇ ಚಿತ್ರಪುಸ್ತಕಗಳು.

ಇದಾದ ಸುಮಾರು ನೂರು ವರ್ಷಗಳಲ್ಲಿ ಜಪಾನಿನಲ್ಲಿ ‘ಕೊಂಜಾಕು ಮೊನೊಗತಾರಿಶು’ ಎಂಬ ಬೃಹತ್ಕಥಾಕೋಶವು ಸಂಕಲಿತವಾಯಿತು. ಇದರ ಮೊದಲ ಐದು ಸಂಪುಟಗಳು ಭಾರತದ ಕಥೆಗಳಿಗೇ ಮೀಸಲು. ಐದನೆಯದರ 24ನೆಯ ಕಥೆಯು ನಮ್ಮ ಆಮೆಯದು. ಆದರೆ ಇಲ್ಲಿ ಹಂಸಗಳಿಲ್ಲ, ಸಾರಸಗಳಿವೆ. ಬರಗಾಲದಲ್ಲಿ ಕಂಗೆಟ್ಟ ಆಮೆಗೆ ಕೋಲನ್ನು ಕಚ್ಚಿಸಿ ಎರಡು ಸಾರಸಗಳು ಅದರ ತುದಿಗಳನ್ನು ಕಚ್ಚಿಕೊಂಡು ಹಾರುತ್ತವೆ. ಮಾತಾಡಕೂಡದೆಂದು ಮೊದಲೇ ವಿಧಿಸಿದ್ದರೂ ಆಮೆಯು, ಇದು ಯಾವ ಸ್ಥಳವೆಂದು ಕೇಳುತ್ತದೆ. ಸಾರಸವೂ ಮೈಮರೆತು ಉತ್ತರ ಕೊಡಲು ಕೊಕ್ಕನ್ನು ತೆರೆಯುತ್ತದೆ.

ಈ ಭೇದವು ಜಪಾನೀಯರ ಕಲ್ಪನೆಯೆಂದು ಭಾವಿಸುವುದು ಸಾಧುವಲ್ಲ. ಚೀನೀಯ ಬೌದ್ಧರ ಒಂದು ಪ್ರಾಚೀನ ದೃಷ್ಟಾಂತಸಂಗ್ರಹದಲ್ಲಿಯೂ ಪಕ್ಷಿಯು ಉತ್ತರ ಕೊಡಲು ಬಾಯಿ ತೆರೆಯುವುದು ಕಾಣಬರುತ್ತದೆ. ಅದರ ಅನುವಾದಕನೆಂದು ಪರಂಪರೆಯು ಹೇಳುವ ಕಾಂಗ್ ಸೆಂಗ್‌ಹುಯಿ ಮೂರನೆಯ ಶತಮಾನದವನು. ಅವನ ಪೂರ್ವಜರು ಭಾರತದಲ್ಲಿ ನೆಲಸಿದ್ದ ಸೊಗ್ದಿಯ ಮನೆತನದವರು. ಅಲ್ಲಿ ಪಕ್ಷಿಯು ದೊಡ್ಡ ಹಂಸ, ಜಪಾನಿನಲ್ಲಿ ಸಾರಸವಾಯಿತು. ಸಾರಸಕ್ಕೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷ ಆಯುಸ್ಸೆಂದು ಜೋಡಿಸಿ ಹೇಳುವ ಜಪಾನೀಯರಿಗೆ ಈ ಮಾರ್ಪಾಟು ಸಹಜವಾಗಿಯೇ ತೋರಿರಬೇಕು.

ವಿಚಾರಾರ್ಹವಾದ ಅಂಶವು ಬೇರೊಂದಿದೆ. ಕನ್ನಡದಲ್ಲಿ ‘ತಾಳ್’ ಎಂಬ ಧಾತುವಿಗೆ ಧರಿಸುವುದು, ಸಹಿಸುವುದು ಎಂಬೆರಡು ಅರ್ಥಗಳುಂಟು. ‘ತಾಳ್ಮೆ’ಯು ಅದರಿಂದಲೇ ನಿಷ್ಪನ್ನವಾದುದು. ಪಂಚತಂತ್ರದ ಆಮೆಯು ಕೋಲನ್ನೂ ನಿಂದೆಯನ್ನೂ ಒಟ್ಟಿಗೆ ತಾಳಬೇಕಾಗಿತ್ತು, ತಾಳದೆ ಕೆಟ್ಟಿತು. ಜಪಾನೀಯ ರೂಪದಲ್ಲಾದರೋ ಆಮೆಯೊಡನೆ ಸಾರಸವೂ ಬಾಯಿ ತೆರೆಯಿತು. ಆದಾಗ್ಯೂ ಕೋಶಕಾರನು ಕಥೆಗಿತ್ತ ಶೀರ್ಷಿಕೆಯು, ಸಾರಸದ ಬೋಧೆಯನ್ನು ನಂಬದ ಆಮೆಯೆಂದು, ದೋಷವನ್ನೆಲ್ಲ ಬಿದ್ದವನ ಮೇಲೆಯೇ ಹೊರಿಸುತ್ತದೆ. ಕಥೆಯು ಹೇಳುವುದಕ್ಕೂ ಶೀರ್ಷಿಕೆಯು ಹೇಳುವುದಕ್ಕೂ ಹೊಂದಿಕೆ ಸಾಲದು. ಮೌನವನ್ನು ವಿಧಿಸಿದವನೇ ಮೌನವನ್ನು ಮುರಿದನೆಂಬುದನ್ನು ಪಾಠ ಹೇಳುವವರು ಸುಲಭವಾಗಿ ಗಮನಿಸುವುದಿಲ್ಲ.

ಆದಕಾರಣ ಈ ಜಪಾನೀಯ ಕಥೆಯನ್ನು ಮಕ್ಕಳ ಚಿತ್ರಪುಸ್ತಕವಾಗಿ ಕನ್ನಡಕ್ಕೆ ತರುವವರು ನಮ್ಮ ಅಭ್ಯಾಸಬಲದಿಂದ ಆಮೆಯ ಬಾಯಿಯನ್ನು ಮಾತ್ರ ತೆರೆದಂತೆ ಬರೆಯಕೂಡದು. ಕೊಂಜಾಕುವಿನಲ್ಲಿ ಸಾರಸವೂ ಬಾಯಿ ತೆರೆಯುತ್ತದೆ.