ಓರೆಯಕ್ಷರದ ಒಡೆಯನಾರು?

ಪುಸ್ತಕದ ಹೆಸರನ್ನೋ ಒತ್ತಿ ಹೇಳಬೇಕಾದ ಮಾತನ್ನೋ ಇಂಗ್ಲಿಷಿನಲ್ಲಿ ನಾವು ಇಟಾಲಿಕ್ ಅಕ್ಷರಗಳಲ್ಲಿ ಅಚ್ಚಿಸುತ್ತೇವೆ. ಆದರೆ ಈ ಓರೆಯಕ್ಷರ ಹುಟ್ಟಿದ್ದು ಅದಕ್ಕಾಗಿ ಅಲ್ಲ. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನೂಷಿಯಸ್ ವರ್ಜಿಲ್ ಮಹಾಕವಿಯ ಕೃತಿಗಳನ್ನು ಕೈಯಲ್ಲಿ ಹಿಡಿದು ಓದುವ ಕಿರುಗಾತ್ರದಲ್ಲಿ ಹೊರತಂದಾಗ ಇಡೀ ಗ್ರಂಥವೇ ಇಟಾಲಿಕ್‌ನಲ್ಲಿತ್ತು. ಇಟಲಿಯ ವಿದ್ವಾಂಸರ ಓಟದ ಕೈಬರಹವೇ ಅದಕ್ಕೆ ಮಾದರಿ. ಲೇಖನಿಯ ಆ ಓಟವನ್ನು ಉಕ್ಕಿನಲ್ಲಿ ಕೊರೆದು ಹಿಡಿದವನು ಬೊಲೊನ್ಯದ ಫ್ರಾಂಚೆಸ್ಕೊ ಗ್ರಿಫೊ. ಅಕ್ಷರದ ತುದಿಯ ಕಿರುಗೊಕ್ಕೆಗಳು ಲೇಖನಿ ಕಾಗದವನ್ನು ಮುಟ್ಟಿದ, ಬಿಟ್ಟ ಗುರುತುಗಳನ್ನೇ ಉಳಿಸಿಕೊಂಡಿವೆ. ದೊಡ್ಡಕ್ಷರಗಳನ್ನು ಮಾತ್ರ ಅವನು ನೆಟ್ಟಗೆ ನಿಲ್ಲಿಸಿದ. ನಮ್ಮ ಕಣ್ಣಿಗಂತೂ ಅದೇ ಚೆಂದ.

ಆ ವರ್ಜಿಲ್‌ನಲ್ಲಿ ಆಲ್ಡಸ್ ಗ್ರಿಫೊನ ಕೈಚಳಕವನ್ನು ಹೊಗಳಿದ್ದುಂಟು. ಆದರೆ 1502ರಲ್ಲಿ ವೆನಿಸ್ ಸರಕಾರ ಈ ಅಕ್ಷರದ ಏಕಸ್ವಾಮ್ಯವನ್ನು ದಯಪಾಲಿಸಿದ್ದು ಆಲ್ಡಸ್‌ಗೆ. ಕೊರೆದವನಿಗೆ ತನ್ನ ಅಕ್ಷರವೇ ಅಲ್ಲಿ ನಿಷಿದ್ಧವಾಯಿತು! ಗ್ರಿಫೊ ಫಾನೊ ಪಟ್ಟಣದ ಮುದ್ರಕ ಸೊಂಚಿನೊನೊಡನೆ ಸೇರಿಕೊಂಡ. 1503ರ ಪೆಟ್ರಾರ್ಕ್ ಮುದ್ರಣದ ಅರ್ಪಣೆಯಲ್ಲಿ ಸೊಂಚಿನೊ, ಈ ಅಕ್ಷರವನ್ನು ಕಂಡುಹಿಡಿದವನು ಗ್ರಿಫೊ, ಆಲ್ಡಸನಲ್ಲ ಎಂದು ಬಹಿರಂಗವಾಗಿಯೇ ಸಾರಿದ. ಈ ದೂರು ನ್ಯಾಯವಾದದ್ದೆಂದೇ ನಮ್ಮ ಅಭಿಮತ. ಅಕ್ಷರಕ್ಕೆ ನಿಂತ ಹೆಸರಾದರೋ ಇಬ್ಬರದೂ ಅಲ್ಲ, ದೇಶದ್ದು.

ಲೇಖನಿಗೆ ಇನ್ನೂ ಹತ್ತಿರವಾದ ಇಟಾಲಿಕ್ ಬಂದದ್ದು 1520ರ ದಶಕದ ರೋಮಿನಲ್ಲಿ, ಲಿಪಿಕಾರ ಅರ್ರಿಗಿಯಿಂದ. 1925ರಲ್ಲಿ ಫ್ರೆಡರಿಕ್ ವಾರ್ಡ್ ಅದಕ್ಕೆ ಮರುಹುಟ್ಟು ಕೊಟ್ಟನು. ಸೆಂಟಾರ್ ಎಂಬ ರೋಮನ್ ಅಕ್ಷರದ ಜೊತೆಗೆ ಅದು ಇಂದಿಗೂ ಬಳಕೆಯಲ್ಲಿದೆ.